ಚಾಕಲೇಟಿನ ಮೇಲೆ ಬಂದದ್ದು ಬೂಷ್ಟಲ್ಲ

ಚಿಕ್ಕಮ್ಮಾ, ಆ ಚಾಕಲೇಟು ಬಿಸಾಡಬೇಡಿ! ಬಾವ ದುಬೈಯಿಂದ ತಂದ ಬಾದಾಮಿ ಚಾಕಲೇಟಿನ ಮೇಲೆ ಬಿಳಿ ಬಂದಿದೆ, ಬೂಷ್ಟಾ ಅಂತ ಕೇಳಿದ್ದೀರಲ್ಲ, ಫೋಟೋ ದೊಡ್ಡದು ಮಾಡಿ ನೋಡಿದೆ. ಬೂಷ್ಟಾದರೆ ನೂಲು ನೂಲಾಗಿ ಎದ್ದಿರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಇದು ಸಪಾಟಾಗಿ ಕೂತಿದೆ. ಚಾಕಲೇಟಿನದ್ದೇ ಕೊಬ್ಬು ಅದು.

ನಮ್ಮ ಅಡಿಕೆ ತೋಟದ ಕೊಕ್ಕೊ ಉಂಟಲ್ಲ, ಅದರ ಬೀಜದಲ್ಲಿ ಹೆಚ್ಚುಕಮ್ಮಿ ಅರ್ಧ ಕೊಬ್ಬೇ. ಆ ಕೊಬ್ಬು 6 ಬಗೆಯಲ್ಲಿ ಹರಳು ಕಟ್ಟಬಲ್ಲದು. ಕಾರ್ಖಾನೆಯಲ್ಲಿ ಬಿಸಿ, ತಂಪು ಹದ ಮಾಡಿ 5ನೇ ಬಗೆಯದ್ದೇ ಬರುವಂತೆ ನೋಡಿಕೊಳ್ಳುತ್ತಾರೆ. ಹೊಳಪು, ಮುರಿಯುವಾಗಿನ ಟಕ್ ಸದ್ದು ಎಲ್ಲ ಅದರಿಂದಲೇ. ಆದರೆ ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಈ ಸೆಕೆಗೆ ಬಜಪೆ ವಿಮಾನ ನಿಲ್ದಾಣದಿಂದ ಉಡುಪಿವರೆಗೆ ಕಾರಿನ ಡಿಕ್ಕಿಯಲ್ಲಿ ಬಂದರೆ ಮೆತ್ತಗಾಗದೆ ಇರುತ್ತದಾ? ಮತ್ತೆ ತಾನಾಗಿ ಗಟ್ಟಿಯಾಗುವಾಗ ಆ ಹದ ಸಿಗುವುದಿಲ್ಲ. ತುಪ್ಪ ನಿಧಾನ ಆರಿದರೆ ಮರಳು ಮರಳಾಗುತ್ತದಲ್ವಾ, ಹಾಗೆ ಕೊಬ್ಬು ಮೇಲೆ ಬಂದು ದಪ್ಪ ಹರಳಾಗಿ ಕೂರುತ್ತದೆ. ಬಾದಾಮಿ ಇದ್ದರೆ ಇನ್ನೂ ಬೇಗ. ಅದರ ಎಣ್ಣೆ ಚಾಕಲೇಟಿಗೆ ಇಳಿದು ಕೊಬ್ಬನ್ನು ಮೆತ್ತಗೆ ಮಾಡುತ್ತದೆ.

ಈಗಲೇ ಒಂದು ತುಂಡಿನ ಮೇಲೆ ಬೆರಳಿಟ್ಟು ಮೆಲ್ಲ ಉಜ್ಜಿ ನೋಡಿ. ಜಿಡ್ಡು ಜಿಡ್ಡಾಗಿ ಬಿಳಿ ಮಾಯವಾದರೆ ಕೊಬ್ಬು. ತರಿ ತರಿ ಅನಿಸಿದರೆ ಸಕ್ಕರೆ. ಅದು ಫ್ರಿಜ್ಜಿನಿಂದ ಆಗುವುದು. ತಣ್ಣಗಿನ ಚಾಕಲೇಟು ಹೊರಗೆ ತೆಗೆದರೆ ನಮ್ಮ ಕರಾವಳಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ, ಸಕ್ಕರೆ ಕರಗುತ್ತದೆ, ನೀರು ಒಣಗಿದ ಮೇಲೆ ಸಕ್ಕರೆ ಮಾತ್ರ ಬಿಳಿಯಾಗಿ ಉಳಿಯುತ್ತದೆ.

ಎರಡರಿಂದಲೂ ಹೊಟ್ಟೆಗೆ ಏನೂ ಆಗುವುದಿಲ್ಲ. ಬಾಯಲ್ಲಿ ಮೊದಲಿನ ನುಣುಪು ಇರುವುದಿಲ್ಲ, ಅಷ್ಟೇ. ಕೊಕ್ಕೊ ಬೆಳೆಯುವ ಊರಿನವರು ನಾವು, ತಿನ್ನುವ ಚಾಕಲೇಟು ಕಸಕ್ಕೆ ಹೋದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಒಳಗೆ ಕ್ರೀಮ್ ತುಂಬಿದ್ದಾದರೆ ಮಾತ್ರ ವಾಸನೆ, ತಾರೀಕು ನೋಡಿಯೇ ತಿನ್ನಿ.

ಇಡಲು 15ರಿಂದ 18 ಡಿಗ್ರಿ ಒಳ್ಳೆಯದು. ನಮ್ಮಲ್ಲಿ ಅದೆಲ್ಲಿ ಸಿಗಬೇಕು, ಹಾಗಾಗಿ ಫ್ರಿಜ್ಜೇ ಗತಿ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ತರಕಾರಿ ಇಡುವ ಡ್ರಾಯರಿನಲ್ಲಿಡಿ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ, ಡಬ್ಬಿಯ ತಣ್ಪು ಹೋಗಲಿ. ಈಗ ಬಿಳಿಯಾದದ್ದನ್ನು ಬಿಸಿ ಹಾಲಿಗೆ ಹಾಕಿ ಕಲಸಿ ಮಕ್ಕಳಿಗೆ ಕೊಡಿ, ಬಾದಾಮಿ ಚಮಚದಲ್ಲಿ ತಿನ್ನುತ್ತಾರೆ.