ಹೊಸ ಟಿವಿಯಲ್ಲಿ ವಿಡಿಯೋ ಗೇಮ್ ಬಂದೂಕು ಕೆಲಸ ಮಾಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ, ಕಲಬುರಗಿಯಿಂದ:
ಟ್ರಂಕಿನಲ್ಲಿ ಕಾಕಾ ಅವರ ಹಳೆ ವಿಡಿಯೋ ಗೇಮ್ ಸಿಕ್ಕಿತು. ಹಳದಿ ಕ್ಯಾಸೆಟ್, ಬಂದೂಕು ಎಲ್ಲ ಇದೆ. ಕ್ಯಾಸೆಟ್ಟಿನ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ, ಮೊದಲ ಸಲಕ್ಕೇ ಚಿತ್ರ ಬಂತು. (ಊದಲಿಲ್ಲ. ಎಂಜಲು ತಾಗಿದರೆ ಪಿನ್ನು ಕಿಲುಬು ಹಿಡಿಯುತ್ತೆ.) ಎಲ್‌ಇಡಿ ಟಿವಿಯಲ್ಲಿ ಮಾರಿಯೋ ಚೆನ್ನಾಗಿ ಓಡುತ್ತಾನೆ. ಆದರೆ ಬಾತುಕೋಳಿ ಆಟದಲ್ಲಿ ಒಂದು ಹಕ್ಕಿಯೂ ಬೀಳುತ್ತಿಲ್ಲ. ಪರದೆಗೆ ಮೂತಿ ಹಚ್ಚಿ ಹೊಡೆದರೂ ಅಷ್ಟೇ. ಮೀಟರ್ ಹಿಡಿದು ವೈರು ನೋಡಿದೆ, ಎಲ್ಲೂ ಕಡಿದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಕಾಕಾ ಪುಣೆಯಿಂದ ಬರುತ್ತಾರೆ. ಚಿಕ್ಕವನಿದ್ದಾಗ ಕೈ ಹಿಡಿದು ಗುರಿ ಇಡೋದು ಕಲಿಸಿದವರು ಅವರೇ. ಅಷ್ಟರೊಳಗೆ ಸರಿ ಮಾಡಬೇಕು.

ಉತ್ತರ, ಬೀದರ್‌ನಿಂದ:
ಬಂದೂಕು ಕೆಟ್ಟಿಲ್ಲ, ದಯವಿಟ್ಟು ಬಿಚ್ಚಬೇಡಿ. ಕ್ಯಾಸೆಟ್ಟಿಗೆ 60 ಪಿನ್ ಇದ್ದರೆ ನಿಮ್ಮದು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೊ ಫ್ಯಾಮಿಕಾಮ್‌ನ ನಕಲು. ಅದರ ಬಂದೂಕಿನಿಂದ ಏನೂ ಹಾರೋದಿಲ್ಲ, ಅದು ಬೆಳಕನ್ನು ನೋಡುತ್ತೆ ಅಷ್ಟೇ. ಟ್ರಿಗರ್ ಒತ್ತಿದ ತಕ್ಷಣ ಪರದೆ ಕಪ್ಪಾಗುತ್ತೆ. ಮರುಚಿತ್ರದಲ್ಲಿ ಹಕ್ಕಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತೆ. ಬಂದೂಕಿಗೆ ಆ ಬಿಳುಪು ಕಂಡರೆ ಹಕ್ಕಿ ಬಿತ್ತು. ನಮ್ಮ ಕಡೆಯ ಟಿವಿ ಸಿಗ್ನಲ್ ಪದ್ಧತಿ ಪಾಲ್ (PAL) ಲೆಕ್ಕದಲ್ಲಿ ಸೆಕೆಂಡಿಗೆ 50 ಚಿತ್ರ, ಒಂದೊಂದಕ್ಕೆ 20 ಮಿಲಿಸೆಕೆಂಡ್. ಪಿಕ್ಚರ್ ಟ್ಯೂಬ್ ಇರೋ ಹಳೇ ಡಬ್ಬಾ ಟಿವಿ ಸಿಗ್ನಲ್ ಬಂದ ಹಾಗೇ ಚಿತ್ರ ಬರೆಯುತ್ತೆ. ಎಲ್‌ಇಡಿ ಟಿವಿ ಚಿತ್ರವನ್ನು ಹಿಡಿದಿಟ್ಟು, ಹಿಗ್ಗಿಸಿ, ಆಮೇಲೆ ತೋರಿಸುತ್ತೆ. ಅಷ್ಟರಲ್ಲಿ ಬಂದೂಕು ನೋಡುವ ಹೊತ್ತು ಮುಗಿದಿರುತ್ತೆ. ಡಬ್ಬಾ ಟಿವಿ ಹುಡುಕಿ, ಬೇರೆ ದಾರಿಗೆ ಸುಮ್ನೆ ದುಡ್ಡು ಹಾಕಬೇಡಿ.

ಉತ್ತರ, ಯಾದಗಿರಿಯಿಂದ:
ಅಣ್ಣಾ ಹೇಳಿದ್ದು ಖರೆ. ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ, ಮೂಲೆಯಲ್ಲಿ ಬಿದ್ದಿರುತ್ತವೆ. ಹಳದಿ ವೈರಿನ ತೂತು ಇದೆಯಾ ನೋಡಿಕೊಂಡು ತನ್ನಿ. ಹಿಂದಿನ ಮುಚ್ಚಳ ಮಾತ್ರ ತೆಗೆಯಬೇಡಿ. ಕಲರ್ ಟ್ಯೂಬಿಗೆ 20 ಸಾವಿರ ವೋಲ್ಟ್ ದಾಟಿ ಹೋಗುತ್ತೆ, ಸ್ವಿಚ್ ಆರಿಸಿದ ಮೇಲೂ ಕರೆಂಟ್ ಉಳಿದಿರುತ್ತೆ.

ಮತ್ತೆ ಕಲಬುರಗಿಯಿಂದ:
ಸೂಪರ್ ಮಾರ್ಕೆಟ್ ಹತ್ತಿರ 14 ಇಂಚಿನದು ಸಿಕ್ತು, 300 ರೂಪಾಯಿ. ಆನ್ ಮಾಡಿದ ಕೂಡಲೇ ಚರ್ ಅಂತ ಸದ್ದು, ಗಾಜಿನ ಹತ್ತಿರ ಕೈ ಇಟ್ಟರೆ ರೋಮ ನೆಟ್ಟಗಾಯಿತು. ಎಷ್ಟು ವರ್ಷ ಆಗಿತ್ತು! ಟ್ರಿಗರ್ ಒತ್ತಿದೆ, ಪರದೆ ಒಮ್ಮೆ ಮಿಣುಕಿತು, ಹಕ್ಕಿ ಬಿತ್ತು. ಹತ್ತರಲ್ಲಿ ಏಳು ಹೊಡೆದೆ. ಟಿವಿಯನ್ನು ಪಡಸಾಲೆಯಲ್ಲಿ ಹಳೇ ಜಾಗದಲ್ಲೇ ಇಟ್ಟಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಕಾಗೆ ಇನ್ನೂ ಹೇಳಿಲ್ಲ.