ಸಿವಿಇ-2020-8554: ಪ್ಯಾಚೇ ಇಲ್ಲದ ಕುಬರ್ನೆಟಿಸ್ ದೋಷಕ್ಕೆ ಏನು ಮಾಡ್ತೀರಿ?

ಬಲ್ಮಠ_ನೋಡ್:
ನಮಸ್ಕಾರ. ಮಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕ್ಲಸ್ಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ಕುಬರ್ನೆಟಿಸ್ ಕ್ಲಸ್ಟರ್‌ನಲ್ಲಿ (ಹಲವು ಯಂತ್ರ ಸೇರಿಸಿ ಆ್ಯಪ್ ನಡೆಸುವ ವ್ಯವಸ್ಥೆ) ನಮ್ಮ ತಂಡ, ಗುತ್ತಿಗೆಯವರು, ಇಂಟರ್ನ್‌ಗಳು ಎಲ್ಲರೂ ಇದ್ದಾರೆ, ಒಂದೊಂದು ತಂಡಕ್ಕೆ ಒಂದೊಂದು ನೇಮ್‌ಸ್ಪೇಸ್, ಅಂದರೆ ಪ್ರತ್ಯೇಕ ವಿಭಾಗ. ಆಡಿಟ್‌ನವರು ಸ್ಕ್ಯಾನ್ ಮಾಡಿ ಸಿವಿಇ-2020-8554 ಎಂಬ ಭದ್ರತಾ ದೋಷದ ಸಂಖ್ಯೆ ಬರೆದುಕೊಟ್ಟಿದ್ದಾರೆ, ಒಬ್ಬರ ಟ್ರಾಫಿಕ್ಕನ್ನು ಇನ್ನೊಬ್ಬರು ತಿರುಗಿಸಿಕೊಳ್ಳಬಹುದಂತೆ. ಅಪ್‌ಗ್ರೇಡ್ ಮಾಡೋಣ ಅಂತ ನೋಡಿದರೆ ಎಲ್ಲಾ ಆವೃತ್ತಿಗೂ ಈ ದೋಷ ಉಂಟು ಎಂದಿದೆ. 2020ರ ಡಿಸೆಂಬರ್‌ನಲ್ಲಿ ಹೊರಬಂದದ್ದಕ್ಕೆ ಇನ್ನೂ ಪ್ಯಾಚ್ (ಸರಿಪಡಿಸುವ ಅಪ್‌ಡೇಟ್) ಇಲ್ವಾ? ತೀವ್ರತೆ ಮಧ್ಯಮ ಅಂತಿದೆ, ಬಿಟ್ಟುಬಿಡಬಹುದಾ? ನೇಮ್‌ಸ್ಪೇಸ್ ಬೇರೆ ಬೇರೆ ಇರುವಾಗ ಒಬ್ಬರ ಟ್ರಾಫಿಕ್ ಇನ್ನೊಬ್ಬರ ಕೈಗೆ ಹೇಗೆ ಹೋಗುತ್ತದೆ?

ಮಣಿಪಾಲ_ಆಪ್ಸ್:
ಬಿಡಬೇಡಿ ಮಾರಾಯ್ರೆ. ಗುತ್ತಿಗೆಯವರೂ ಇಂಟರ್ನ್‌ಗಳೂ ಒಂದೇ ಕ್ಲಸ್ಟರ್‌ನಲ್ಲಿ ಇದ್ದಾರೆ ಅಂದ ಮೇಲೆ ಈ ದೋಷ ನಿಮಗೇ ಜಾಸ್ತಿ ತಾಗುವುದು.

ಸರ್ವೀಸ್ (ಒಂದು ವಿಳಾಸಕ್ಕೆ ಬಂದ ಟ್ರಾಫಿಕ್ಕನ್ನು ಆ್ಯಪ್‌ಗೆ ಕಳಿಸುವ ನಿಯಮ) ಬರೆಯುವಾಗ ಎಕ್ಸ್‌ಟರ್ನಲ್ ಐಪಿ ಎಂಬ ಜಾಗ ಇರುತ್ತದೆ. ಅಲ್ಲಿ ಯಾವ ವಿಳಾಸ ಹಾಕಿದ್ದೀರಿ, ಅದು ನಿಮ್ಮದೇ ಹೌದಾ ಅಂತ ಕುಬರ್ನೆಟಿಸ್ ಕೇಳುವುದಿಲ್ಲ. ಯಾರೋ ತನ್ನ ನೇಮ್‌ಸ್ಪೇಸ್‌ನಲ್ಲಿ 8.8.8.8 (ಹೆಸರು ಕೇಳಿದರೆ ಐಪಿ ವಿಳಾಸ ಹೇಳುವ ಗೂಗಲ್‌ನ ಡಿಎನ್‌ಎಸ್ ಸರ್ವರ್) ಹಾಕಿ, ಡಿಎನ್‌ಎಸ್‌ನ ಪೋರ್ಟ್ 53 ಕೊಟ್ಟು, ತನ್ನ ಪಾಡ್‌ಗೆ (ಆ್ಯಪ್ ಓಡುವ ಘಟಕ) ಜೋಡಿಸಿದ ಅಂತ ಇಟ್ಟುಕೊಳ್ಳಿ. ಟ್ರಾಫಿಕ್ ತಿರುಗಿಸುವ ಕ್ಯೂಬ್-ಪ್ರಾಕ್ಸಿ ಆ ನಿಯಮವನ್ನು ಎಲ್ಲಾ ನೋಡ್‌ಗಳಲ್ಲೂ, ಅಂದರೆ ಕ್ಲಸ್ಟರ್‌ನ ಎಲ್ಲಾ ಯಂತ್ರಗಳಲ್ಲೂ, ಬರೆಯುತ್ತದೆ. ಆಮೇಲೆ ಯಾವ ನೇಮ್‌ಸ್ಪೇಸ್‌ನ ಪಾಡ್ 8.8.8.8ಕ್ಕೆ ಡಿಎನ್‌ಎಸ್ ಕೇಳಿದರೂ ಅದು ಹೊರಗೆ ಹೋಗುವುದೇ ಇಲ್ಲ, ಅವನ ಪಾಡ್‌ಗೆ ತಿರುಗುತ್ತದೆ. ನಿಮ್ಮ ಕೋರ್‌ಡಿಎನ್‌ಎಸ್ (ಕ್ಲಸ್ಟರ್‌ನ ಒಳಗಿನ ಡಿಎನ್‌ಎಸ್ ಸರ್ವರ್) ಹೊರಗಿನ ಹೆಸರುಗಳಿಗೆ ಅದೇ ವಿಳಾಸವನ್ನು ಕೇಳುತ್ತಿದ್ದರೆ ಇಡೀ ಕ್ಲಸ್ಟರ್‌ನ ಉತ್ತರ ಅವನ ಕೈಯಲ್ಲಿ. ನೇಮ್‌ಸ್ಪೇಸ್ ಗೋಡೆ ಇಲ್ಲಿ ಅಡ್ಡ ಬರುವುದಿಲ್ಲ, ಯಾಕೆಂದರೆ ಆ ನಿಯಮ ಕೂರುವುದು ನೋಡ್ ಮಟ್ಟದಲ್ಲಿ.

ಇಷ್ಟಕ್ಕೆ ದೊಡ್ಡ ಅಧಿಕಾರ ಏನೂ ಬೇಡ. ಮಾಮೂಲಿ ಎಡಿಟ್ ರೋಲ್ ಇದ್ದವರು ಸರ್ವೀಸ್ ಮಾಡಬಹುದು, ಅದೇ ಸಾಕು. ಕೋಡ್‌ನಲ್ಲಿ ತಪ್ಪಿದ್ದರೆ ಸರಿಪಡಿಸುತ್ತಿದ್ದರು. ಇದು ವಿನ್ಯಾಸದಲ್ಲೇ ಇರುವುದು, ಅದಕ್ಕೇ ಪ್ಯಾಚ್ ಇಲ್ಲ.

ಕುಬರ್ನೆಟಿಸ್ 1.21 ಆವೃತ್ತಿಯಿಂದ ಡಿನೈ-ಸರ್ವೀಸ್-ಎಕ್ಸ್‌ಟರ್ನಲ್-ಐಪೀಸ್ ಎಂಬ ಅಡ್ಮಿಶನ್ ಪ್ಲಗಿನ್ (ಇಂಥ ಸರ್ವೀಸನ್ನು ಒಳಗೆ ಬಿಡದೆ ತಡೆಯುವ ಭಾಗ) ಉಂಟು. ತಾನಾಗಿ ಆನ್ ಇರುವುದಿಲ್ಲ, ಎಪಿಐ ಸರ್ವರ್‌ನ (ಕ್ಲಸ್ಟರ್‌ಗೆ ಬರುವ ಕೋರಿಕೆ ಪಡೆಯುವ ಭಾಗ) ಸೆಟ್ಟಿಂಗ್‌ನಲ್ಲಿ ನೀವೇ ಸೇರಿಸಬೇಕು.

ಬಲ್ಮಠ_ನೋಡ್:
ಈಗ ಅರ್ಥ ಆಯ್ತು, ಥ್ಯಾಂಕ್ಸ್. ಆದರೆ ನಮ್ಮದು ಕ್ಲೌಡ್‌ನವರು ನಡೆಸುವ ಕ್ಲಸ್ಟರ್. ಎಪಿಐ ಸರ್ವರ್ ಸೆಟ್ಟಿಂಗ್ ಮುಟ್ಟಲಿಕ್ಕೆ ಆಗುವುದಿಲ್ಲ. ಬೇರೆ ದಾರಿ ಉಂಟಾ? ಮತ್ತೆ ನಮ್ಮಲ್ಲಿ ಟಿಎಲ್‌ಎಸ್ (ಸಂಪರ್ಕದ ಗೂಢಲಿಪೀಕರಣ), ನೆಟ್‌ವರ್ಕ್ ಪಾಲಿಸಿ (ಪಾಡ್‌ಗಳ ಟ್ರಾಫಿಕ್ ತಡೆಯುವ ನಿಯಮ) ಎಲ್ಲಾ ಇದೆ. ಅದು ಸಾಲದಾ?

ಉಡುಪಿ_ರೂಟ್:
ದಾರಿ ಇದೆ. ಕ್ಲಸ್ಟರ್‌ಗೆ ಬರುವುದನ್ನು ಪರೀಕ್ಷಿಸುವ ವ್ಯಾಲಿಡೇಟಿಂಗ್ ಅಡ್ಮಿಶನ್ ಪಾಲಿಸಿ 1.30 ಆವೃತ್ತಿಯಲ್ಲಿ ಸ್ಥಿರವಾಗಿದೆ. ಎಕ್ಸ್‌ಟರ್ನಲ್ ಐಪಿ ಇರುವ ಸರ್ವೀಸ್ ಬಂದರೆ ತಿರಸ್ಕರಿಸು ಅಂತ ಒಂದು ಚಿಕ್ಕ ನಿಯಮ ಬರೆದರೆ ಆಯಿತು, ಪರೀಕ್ಷೆಗೆ ಹೊರಗಿನ ವೆಬ್‌ಹುಕ್ (ಬೇರೆ ಸರ್ವರ್‌ಗೆ ಕರೆ) ಕೂಡ ಬೇಡ. ಹಳೇ ಆವೃತ್ತಿ ಆದರೆ ಇದೇ ಕೆಲಸ ಮಾಡುವ ಗೇಟ್‌ಕೀಪರ್ ಎಂಬ ಸಾಧನ ಹಾಕಿ. ನಿಜವಾಗಿ ಬೇಕಾದ ಒಂದೆರಡು ವಿಳಾಸ ಇದ್ದರೆ ಅವಕ್ಕೆ ಮಾತ್ರ ಬಿಡಿ.

ಟಿಎಲ್‌ಎಸ್ ಇದ್ದು, ಸರ್ಟಿಫಿಕೇಟ್ ಸರಿಯಾಗಿ ಪರಿಶೀಲಿಸುವ ಆ್ಯಪ್ ಆದರೆ ಒಳಗಿನದ್ದು ಓದಲಿಕ್ಕೆ ಆಗುವುದಿಲ್ಲ. ಆದರೆ ಸಂಪರ್ಕ ಕಡಿಯಬಹುದು. ಮಾಮೂಲಿ ಡಿಎನ್‌ಎಸ್‌ಗಂತೂ ಆ ರಕ್ಷಣೆಯೂ ಇಲ್ಲ. ನೆಟ್‌ವರ್ಕ್ ಪಾಲಿಸಿಯನ್ನು ಇದಕ್ಕೆ ನಂಬಬೇಡಿ. ವಿಳಾಸ ಬದಲಾಗುವ ಮೊದಲು ಅದು ನೋಡುತ್ತದಾ, ಆಮೇಲೆ ನೋಡುತ್ತದಾ ಎನ್ನುವುದು ನೀವು ಹಾಕಿದ ನೆಟ್‌ವರ್ಕ್ ಪ್ಲಗಿನ್ ಮೇಲೆ ಹೋಗುತ್ತದೆ.

ಮಣಿಪಾಲ_ಆಪ್ಸ್:
ಒಂದು ಮಾತು ಬಿಟ್ಟುಹೋಯ್ತು. ಈ ಯಾವ ತಡೆಯೂ ಹಳೇ ಸರ್ವೀಸನ್ನು ಅಳಿಸುವುದಿಲ್ಲ, ಹೊಸದಕ್ಕೆ ಮಾತ್ರ. ಹಾಗಾಗಿ ಮೊದಲು ಎಲ್ಲಾ ನೇಮ್‌ಸ್ಪೇಸ್‌ನ ಸರ್ವೀಸ್‌ಗಳನ್ನು ಯಾಮೆಲ್‌ನಲ್ಲಿ (ಪೂರ್ಣ ವಿವರದ ಪಠ್ಯ ರೂಪ) ತೆಗೆದು, ಸ್ಪೆಕ್ (ಬಳಕೆದಾರ ಬರೆದ ಭಾಗ) ಒಳಗೆ ಎಕ್ಸ್‌ಟರ್ನಲ್ ಐಪಿ ಉಂಟಾ ಅಂತ ಹುಡುಕಿ. ಸುಮ್ನೆ ಪಟ್ಟಿಯ ಕಾಲಂ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಲೋಡ್ ಬ್ಯಾಲೆನ್ಸರ್ (ಹೊರಗಿನ ಟ್ರಾಫಿಕ್ ಹಂಚುವ ಸಾಧನ) ವಿಳಾಸವೂ ಬರುತ್ತದೆ. ಸರ್ವೀಸ್‌ನ ಸ್ಟೇಟಸ್ ಬದಲಿಸುವ ಅಧಿಕಾರ ಯಾರಿಗಾದರೂ ಕೊಟ್ಟಿದ್ದರೆ ಅದನ್ನೂ ವಾಪಸ್ ತೆಗೆಯಿರಿ, ಲೋಡ್ ಬ್ಯಾಲೆನ್ಸರ್ ವಿಳಾಸ ಬದಲಿಸಿ ಇದೇ ಕೆಲಸ ಮಾಡಬಹುದು.

ಬಲ್ಮಠ_ನೋಡ್:
ಹುಡುಕಿದೆ. ಗುತ್ತಿಗೆ ತಂಡದ ಟೆಸ್ಟ್ ನೇಮ್‌ಸ್ಪೇಸ್‌ನಲ್ಲಿ ಒಂದು ಸಿಕ್ಕಿತು, ವಿಳಾಸ ನಮ್ಮದೇ ನೋಡ್‌ನದ್ದು. ಯಾಕೆ ಬೇಕಿತ್ತು ಅಂತ ಅವರನ್ನು ಕೇಳಿದ್ದೇನೆ. ಪಾಲಿಸಿ ಇವತ್ತೇ ಹಾಕುತ್ತೇನೆ.