ಪದಚರ್ಚೆ: ‘ಹೊಡೆದ’ ಅಂದರೆ ತಾಗಿತು ಅಂತಲೇನಾ?

ಎಲ್ಲರಿಗೂ ಉಡುಪಿಯಿಂದ ನಮಸ್ಕಾರ. ನನ್ನ ಪ್ರಶ್ನೆ ಒಂದು ಕ್ರಿಯಾಪದದ್ದು. ಆದರೆ ಅದು ಹುಟ್ಟಿದ ಜಾಗ ಸ್ವಲ್ಪ ವಿಚಿತ್ರ, ಹಾಗಾಗಿ ಹಿನ್ನೆಲೆ ಹೇಳಲೇಬೇಕು.

ನಾವು ಐದು ಜನ ರಾತ್ರಿ ಊಟ ಆದ ಮೇಲೆ ಫೋನಿನಲ್ಲಿ ಒಂದು ಬರವಣಿಗೆಯ ಆಟ ಆಡುತ್ತೇವೆ. ಚಿತ್ರ ಇಲ್ಲ, ಶಬ್ದ ಇಲ್ಲ, ಬರೀ ಅಕ್ಷರ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನನ್ನ ಪಾತ್ರ ಏನು ಮಾಡಿತು ಅಂತ ನಾನು ನಾಲ್ಕು ಸಾಲು ಬರೆಯುತ್ತೇನೆ, ಮುಂದಿನ ನಾಲ್ಕು ಸಾಲು ಇನ್ನೊಬ್ಬರದು. ಕಥೆ ನಡೆಯುವುದು ಹಳೇ ಬಾರಕೂರಿನಂಥ ಒಂದು ಬಂದರಿನಲ್ಲಿ. ಆಡುವವರಲ್ಲಿ ಇಬ್ಬರು ಉಡುಪಿಯವರು, ಒಬ್ಬರು ಕುಂದಾಪುರದವರು, ಒಬ್ಬ ಮೈಸೂರಿನ ಹುಡುಗ, ಒಬ್ಬರು ಧಾರವಾಡದ ಮೇಡಂ. ವ್ಯಾಪಾರ, ಒಳಸಂಚು, ಪ್ರೀತಿ ಎಲ್ಲ ಚೆನ್ನಾಗಿ ಸಾಗುತ್ತದೆ. ಕಥೆಯಲ್ಲಿ ಹೊಡೆದಾಟ ಬಂತೋ, ನಮ್ಮೊಳಗೆ ನಿಜವಾದ ಜಗಳ ಶುರು.

ಕಳೆದ ವಾರ ಹೀಗಾಯಿತು. ದೋಣಿಯ ಮೇಲೆ ಎರಡು ಪಾತ್ರ ಎದುರುಬದುರು. ನಾನು ಬರೆದೆ: “ದುಗ್ಗ ದೊಣ್ಣೆಯಿಂದ ಸೋಮನ ಭುಜಕ್ಕೆ ಹೊಡೆದ.” ಮೈಸೂರಿನ ಹುಡುಗ ಬರೆದ: “ಸೋಮ ಬಗ್ಗಿದ. ತಾಗಲಿಲ್ಲ.”

ನಾನು ಬಿಡಲಿಲ್ಲ. ಹೊಡೆದ ಅಂತ ಬರೆದಾಗಿದೆ, ಇನ್ನು ತಾಗಲಿಲ್ಲ ಅಂದರೆ ಹೇಗೆ? ಅವನೂ ಬಿಡಲಿಲ್ಲ. ನನ್ನ ಪಾತ್ರದ ಭುಜಕ್ಕೆ ಏಟು ಬಿತ್ತು ಅಂತ ಹೇಳಲು ನೀವು ಯಾರು ಸಾರ್? ಅರ್ಧ ಗಂಟೆ ಇದೇ ಆಯಿತು. ದೋಣಿ ಅಲ್ಲೇ ನಿಂತಿತ್ತು.

ನನ್ನ ಹೊಟ್ಟೆಪಾಡು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಸೋತ ಮನಸ್ಸಿನಲ್ಲಿ ಮಲಗಿದವನು ಬೆಳಿಗ್ಗೆ ಎದ್ದು ಒಂದಷ್ಟು ವಾಕ್ಯ ಬರೆದು ನೋಡಿದೆ.

“ಮಾವಿನಕಾಯಿಗೆ ಕಲ್ಲು ಹೊಡೆದೆ, ತಾಗಲಿಲ್ಲ.” ಇದರಲ್ಲಿ ಏನೂ ತಪ್ಪಿಲ್ಲ, ಚಿಕ್ಕಂದಿನಿಂದ ಹೀಗೇ ಹೇಳಿದ್ದೇವೆ. “ಗುಂಡು ಹೊಡೆದರು, ತಪ್ಪಿತು.” ಇದೂ ಸರಿ. ಆದರೆ “ಕೆನ್ನೆಗೆ ಹೊಡೆದ, ತಾಗಲಿಲ್ಲ” ಅಂದರೆ ನಗು ಬರುತ್ತದೆ. ಅಂದರೆ ಕೈ ಬಿಟ್ಟು ಹೋಗುವ ವಸ್ತು ಆದರೆ ‘ಹೊಡೆ’ ಎಸೆದಲ್ಲಿಗೇ ಮುಗಿಯುತ್ತದೆ. ಕೈಯಲ್ಲೇ ಉಳಿಯುವ ವಸ್ತು ಆದರೆ ತಾಗಿದ ಮೇಲೆಯೇ ಮುಗಿಯುತ್ತದೆ. ದೊಣ್ಣೆ ಕೈಯಲ್ಲೇ ಇತ್ತು. ಹಾಗಾಗಿ ವ್ಯಾಕರಣದಲ್ಲಿ ನಾನು ಗೆದ್ದೆ, ಆಟದಲ್ಲಿ ಅವನು ಗೆದ್ದ ಅಂತ ಇಟ್ಟುಕೊಳ್ಳಿ.

ವಿಭಕ್ತಿಯದ್ದೂ ಒಂದು ಆಟ ಇದೆ. “ಹಾವಿಗೆ ಹೊಡೆದರು, ಅದು ಪೊದೆಗೆ ನುಗ್ಗಿತು” ಅನ್ನಬಹುದು. “ಹಾವನ್ನು ಹೊಡೆದರು” ಅಂದ ಮೇಲೆ ಅದು ಎಲ್ಲಿಗೂ ನುಗ್ಗುವುದಿಲ್ಲ, ಅದರ ಕಥೆ ಮುಗಿಯಿತು. ಹುಲಿಗೆ ಹೊಡೆದ, ಹುಲಿಯನ್ನು ಹೊಡೆದ, ಇವುಗಳ ನಡುವೆಯೂ ಒಂದು ಪ್ರಾಣದ ಅಂತರ ಇದೆ. ‘ಗೆ’ ದಿಕ್ಕು ತೋರಿಸುತ್ತದೆ, ‘ಅನ್ನು’ ಕೆಲಸ ಮುಗಿಸುತ್ತದೆ. ಮನುಷ್ಯರ ವಿಷಯದಲ್ಲಿ ಇಷ್ಟು ಖಡಕ್ ಆಗಿಲ್ಲ. ‘ಅವನನ್ನು ಹೊಡೆದ’ ಅಂದರೆ ಕೊಂದ ಅಂತ ಯಾರೂ ತಿಳಿಯುವುದಿಲ್ಲ. ಪ್ರಾಣಿಗೆ ಒಂದು, ಮನುಷ್ಯನಿಗೆ ಒಂದು ಯಾಕೆ? ನಿಮಗೆ ಏನನ್ನಿಸುತ್ತದೆ?

ಸರಿ, ಹಾಗಾದರೆ ‘ಹೊಡೆಯಲು ಹೋದ’ ಅಂತ ಬರೆಯೋಣವೇ? ಕುಂದಾಪುರದವರು ಇದನ್ನೇ ಹೇಳಿದರು. ನನಗೆ ಒಪ್ಪಿಗೆ ಆಗಲಿಲ್ಲ. ‘ಹೊಡೆಯಲು ಹೋದ’ ಅಂದ ತಕ್ಷಣ ಓದುವವನು ಮುಂದೆ ‘ಅಷ್ಟರಲ್ಲಿ’ ಬರುತ್ತದೆ ಅಂತ ಕಾಯುತ್ತಾನೆ. ಹೊಡೆಯಲು ಹೋದ, ಅಷ್ಟರಲ್ಲಿ ಜಾರಿ ಬಿದ್ದ. ಹಿಡಿಯಲು ಹೋದ, ಅಷ್ಟರಲ್ಲಿ ಬಸ್ ಹೊರಟಿತು. ಸೋಲು ಆ ಮಾತಿನ ಒಳಗೇ ಕೂತಿದೆ. ‘ಹೊಡೆಯಲು ಬಂದ’ ಅಂದರೆ ಇನ್ನೊಂದು ತೊಂದರೆ. ಅದು ಪೆಟ್ಟು ತಿನ್ನುವವನ ಕಡೆಯಿಂದ ನೋಡಿದ ಮಾತು, ಹೊಡೆಯುವವನು ತನ್ನ ಬಗ್ಗೆ ಹಾಗೆ ಬರೆದುಕೊಳ್ಳಲಾರ. ‘ಹೊಡೆಯಲು ಪ್ರಯತ್ನಿಸಿದ’ ಅಂತ ಬರೆದರೆ ಠಾಣೆಯಲ್ಲಿ ಬರೆಸಿದ ದೂರಿನ ಹಾಗೆ ಕಾಣುತ್ತದೆ.

ಕೊನೆಗೆ ಕೈಗೆ ಸಿಕ್ಕಿದ್ದು ‘ಬೀಸಿದ’. ದೊಣ್ಣೆ ಬೀಸಿದ. ತಾಗಿತೋ ಇಲ್ಲವೋ, ಆ ಪದಕ್ಕೆ ಗೊತ್ತಿಲ್ಲ. ಅದೇ ಅದರ ಚಂದ. ಎದುರಿನವನು ತನ್ನ ಸಾಲಿನಲ್ಲಿ ‘ಪೆಟ್ಟು ತಿಂದ’ ಅಂತಲಾದರೂ ಬರೆಯಬಹುದು, ‘ತಪ್ಪಿಸಿಕೊಂಡ’ ಅಂತಲಾದರೂ ಬರೆಯಬಹುದು. ‘ತಿನ್ನು’ ಒಳ್ಳೆಯ ಕ್ರಿಯಾಪದ ಅಲ್ವಾ? ತಿನ್ನುವುದು ತಿನ್ನುವವನ ಕೆಲಸ, ಇನ್ನೊಬ್ಬರು ಅವನ ಪರವಾಗಿ ತಿನ್ನಲಾಗದು. ಈಗ ನಮ್ಮ ನಿಯಮ ಇಷ್ಟೇ: ಬೀಸುವುದು ನನ್ನದು, ತಿನ್ನುವುದು ನಿನ್ನದು.

ಈ ನಿಯಮ ನಮ್ಮ ಸಂಶೋಧನೆ ಏನಲ್ಲ. ಇಂಗ್ಲಿಷಿನಲ್ಲಿ ಈ ಆಟ ಆಡುವವರು ಬಹಳ ಹಿಂದಿನಿಂದ ಪಾಲಿಸುತ್ತಿದ್ದಾರೆ. ನಿನ್ನ ಸಾಲಿನಲ್ಲಿ ಪ್ರಯತ್ನ ಮಾತ್ರ ಬರೆ, ಫಲ ಬರೆಯಬೇಡ ಅಂತ. ಫಲವನ್ನೂ ತಾನೇ ಬರೆದುಕೊಳ್ಳುವವನನ್ನು ಗಾಡ್‌ಮೋಡಿಂಗ್ ಮಾಡುತ್ತಿದ್ದಾನೆ ಅಂತ ಬೈಯುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ನಾನು ‘ಪರಕಾಯ ಪ್ರವೇಶ’ ಅಂದೆ. ಇನ್ನೊಬ್ಬನ ಪಾತ್ರದ ಮೈಯೊಳಗೆ ಹೊಕ್ಕು ಅವನನ್ನು ಬೀಳಿಸುವುದು, ಸರಿಹೋಗುತ್ತದಲ್ಲ? ಧಾರವಾಡದ ಮೇಡಂ ಒಪ್ಪಲಿಲ್ಲ. ನಾಟಕದವರು ಅದನ್ನು ಹೊಗಳಿಕೆಗೆ ಬಳಸುತ್ತಾರೆ, ಬೈಗುಳಕ್ಕೆ ಆಗುವುದಿಲ್ಲ ಅಂದರು. ಮಾತು ನಿಜ.

ನಮ್ಮ ಜಿಲ್ಲೆಯವರಿಗೆ ಈ ಆಟ ಹೊಸದೇ ಅಲ್ಲ ಅನ್ನಿಸಿದ್ದು ಆಗ. ಯಕ್ಷಗಾನದ ತಾಳಮದ್ದಲೆ ಇದೇ ಅಲ್ಲವೇ? ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಅರ್ಥ ಹೇಳುತ್ತಾರೆ, ಅದೂ ಆಗಿಂದಾಗ ಕಟ್ಟಿದ ಮಾತು. ಕರ್ಣ, ಅರ್ಜುನ ಇಬ್ಬರೂ ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕೂತಿರುತ್ತಾರೆ. ಯಾರು ಬೀಳಬೇಕು ಅನ್ನುವುದನ್ನು ಪ್ರಸಂಗ ಮೊದಲೇ ತೀರ್ಮಾನಿಸಿದೆ, ಬಾಣ ಹೋಗುವುದು ಹಾಡುವ ಭಾಗವತರ ಪದ್ಯದಲ್ಲಿ. ಅರ್ಥಧಾರಿಗಳಿಗೆ ಉಳಿಯುವುದು ಪೆಟ್ಟಿನ ಮುಂಚಿನ ಮಾತು ಮತ್ತು ಪೆಟ್ಟಿನ ನಂತರದ ಮಾತು. ಆದರೂ ಇದಿರಿನವರಿಗೆ ಜಾಗ ಬಿಡದೆ ತಾನೇ ಎಳೆಯುವವರು ಅಲ್ಲೂ ಇರುತ್ತಾರೆ. ಅಂಥವರಿಗೆ ಕಲಾವಿದರ ಬಾಯಲ್ಲೋ ಸಭೆಯ ಹಿಂದಿನ ಸಾಲಿನಲ್ಲೋ ಒಂದು ಹೆಸರು ಇದ್ದೇ ಇರಬೇಕು. ಕೇಳಿದವರು ತಿಳಿಸಿ. ಅಚ್ಚು ಹಾಕಲು ಆಗದಂಥ ಹೆಸರಾದರೂ ಪರವಾಗಿಲ್ಲ.

ಪದಗಳ ಊರು ಬದಲಾದಾಗ ಆಗುವ ಪಜೀತಿ ಬೇರೆ. ಒಮ್ಮೆ ನಾನು “ದುಗ್ಗ ಸೊಂಟದಿಂದ ಕತ್ತಿ ತೆಗೆದ” ಅಂತ ಬರೆದೆ. ನನ್ನ ಕಣ್ಣಲ್ಲಿದ್ದದ್ದು ತೆಂಗಿನಕಾಯಿ ಕೆತ್ತುವ, ಸೌದೆ ಸೀಳುವ ಮನೆಯ ಕತ್ತಿ. ಮೈಸೂರಿನವನು ಅದನ್ನು ಒರೆಯಿಂದ ಎಳೆಸಿ ಬಿಸಿಲಿಗೆ ಥಳಥಳ ಹೊಳೆಸಿದ. ಬಡಪಾಯಿ ದುಗ್ಗ ಒಂದೇ ಸಾಲಿನಲ್ಲಿ ಸೈನಿಕನಾಗಿಬಿಟ್ಟ. ನಮ್ಮಲ್ಲಿ ಉದ್ದದ್ದು ಅಂದರೆ ತಲವಾರು, ಮಂಗಳೂರಿನ ಪೇಪರ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ಟಿನ ಅಳತೆಗೂ ಪದ ಬೇಕಾಗುತ್ತದೆ. ಅಕ್ಷರದ ಆಟಗಳು ಕಂಪ್ಯೂಟರಿಗೆ ಬಂದದ್ದು ಬಹಳ ಹಿಂದೆ. ಹಲವರು ಒಟ್ಟಿಗೆ ಆಡುವ ‘ಮಡ್’ ಅನ್ನುವ ಆಟ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಶುರುವಾಯಿತು. ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಆಮೇಲೆ ಮಾಡಿದ ಡಿಕುಮಡ್ ಮತ್ತು ಅದರ ಮರಿಗಳಲ್ಲಿ ಏಟಿನ ಬಲ ನೋಡಿ ಯಂತ್ರವೇ ಮಾತು ಬದಲಿಸುತ್ತಿತ್ತು. ಕಡಿಮೆ ಆದರೆ ‘ತರಚಿತು’, ಜಾಸ್ತಿ ಆದರೆ ‘ಗಾಯವಾಯಿತು’, ಇನ್ನೂ ಜಾಸ್ತಿ ಆದರೆ ‘ಡೆಸಿಮೇಟ್’. ರೋಮಿನ ಸೈನ್ಯದಲ್ಲಿ ಹತ್ತು ಜನರಲ್ಲಿ ಒಬ್ಬನನ್ನು ಕೊಲ್ಲುತ್ತಿದ್ದ ಶಿಕ್ಷೆಯಿಂದ ಬಂದ ಪದ ಅದು. ಒಬ್ಬನೇ ಇರುವಲ್ಲಿ ಹತ್ತನೇ ಒಂದನ್ನು ಹೇಗೆ ಕೊಲ್ಲುತ್ತಾರೋ, ಕರಡು ತಿದ್ದುವವನ ಸಂಕಟ.

ನಮ್ಮ ಕರಾವಳಿಯಲ್ಲಿ ‘ಪೆಟ್ಟು’ ಒಂದೇ ನಾಮಪದ ಇಟ್ಟುಕೊಂಡು ಮೂರು ಮೆಟ್ಟಿಲು ಹತ್ತಬಹುದು. ಪೆಟ್ಟು ತಾಗಿತು, ಅಂದರೆ ಮುಟ್ಟಿತು ಅಷ್ಟೇ. ಪೆಟ್ಟು ಬಿತ್ತು, ಭಾರ ಇದೆ. ಪೆಟ್ಟಾಯಿತು, ನಾಳೆಯೂ ನೋಯುತ್ತದೆ. ಮೈಸೂರಿನವನ ‘ಏಟು’ ಕೂಡ ಬೀಳುತ್ತದೆ, ಆಗುತ್ತದೆ. ಆದರೆ ಅವನಿಗೆ ಏಟು ‘ತಗುಲುತ್ತದೆ’, ನಮಗೆ ‘ತಾಗುತ್ತದೆ’. ನನ್ನ ಕಿವಿಗೆ ‘ತಗುಲು’ ಅಂದರೆ ಖರ್ಚು ಮತ್ತು ಸಮಯ.

ಓದಿದರೆ ನಂಬುವ ಹಾಗಿರಬೇಕು ಅಂದರೆ ಇನ್ನೊಂದು ವಿಷಯ ಇದೆ, ಅದು ಸಮಯ. 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ದಾಳ ಉರುಳಿಸಿ ಆಡುವ ಪಾತ್ರದಾಟ. ಅದರ ‘ಅಡ್ವಾನ್ಸ್ಡ್’ ಆವೃತ್ತಿಯಲ್ಲಿ ಹೊಡೆದಾಟದ ಒಂದು ಸುತ್ತು ಅಂದರೆ ಇಡೀ ಒಂದು ನಿಮಿಷ. ಆ ನಿಮಿಷದಲ್ಲಿ ಹತ್ತು ಬಾರಿ ಬೀಸಿ, ತಡೆದು, ಹಿಂದೆ ಸರಿದಿರುತ್ತಾರೆ. ದಾಳ ಹೇಳುವುದು ಹೊಡೆಯಲು ನಿಜವಾಗಿ ಸಿಕ್ಕಿದ ಸಂದಿಯ ಬಗ್ಗೆ ಮಾತ್ರ. 2000ದ ಮೂರನೇ ಆವೃತ್ತಿಯಲ್ಲಿ ಸುತ್ತು ಆರು ಸೆಕೆಂಡಿಗೆ ಇಳಿಯಿತು. ಆರು ಸೆಕೆಂಡಿನಲ್ಲಿ ಎಷ್ಟು ಮಾತಾಡಬಹುದು? ನಮ್ಮ ಪಾತ್ರಗಳು ಪಕ್ಕೆಗೆ ಗುದ್ದು ತಿಂದ ಮೇಲೂ ಅರ್ಧ ಪುಟ ಭಾಷಣ ಬಿಗಿಯುತ್ತವೆ. ಪಕ್ಕೆಗೆ ಬಿದ್ದರೆ ದಮ್ಮು ಕಟ್ಟುತ್ತದೆ ಸ್ವಾಮಿ, ಬಾಯಿಂದ ‘ಹಾ’ ಕೂಡ ಬರುವುದಿಲ್ಲ. ತಾಳಮದ್ದಲೆಯ ಚಟ ಇರಬೇಕು.

ಈಗ ನಿಜವಾದ ಪ್ರಶ್ನೆ. ದೊಣ್ಣೆಗೆ, ತಲವಾರಿಗೆ ‘ಬೀಸು’ ಸಿಕ್ಕಿತು. ಕಲ್ಲಿಗೆ ‘ಎಸೆ’ ಇದೆ. ಈಟಿಗೆ? ‘ತಿವಿ’, ‘ಇರಿ’, ‘ಚುಚ್ಚು’ ಮೂರೂ ಮೈಯೊಳಗೆ ಹೊಕ್ಕ ಮೇಲೆಯೇ ಮುಗಿಯುವ ಪದ. ಮುಂದಕ್ಕೆ ಹೋಯಿತು, ಆದರೆ ಹೊಕ್ಕಿತೋ ಇಲ್ಲವೋ ಹೇಳುವುದಿಲ್ಲ, ಅಂಥ ಒಂದು ಪದ ಬೇಕು. ‘ಚಾಚಿದ’ ಅಂದರೆ ಕೈಸಾಲ ಕೇಳಿದ ಹಾಗಿದೆ. ‘ಈಟಿ ನೀಡಿದ’ ಅಂತ ಬರೆದು ನೋಡಿದೆ. ಧಾರವಾಡದ ಮೇಡಂ ಬಿದ್ದು ಬಿದ್ದು ನಕ್ಕರು, ಅವರ ಕಡೆ ನೀಡುವುದು ಅಂದರೆ ಊಟಕ್ಕೆ ಬಡಿಸುವುದು. (ನಮ್ಮದರಲ್ಲೂ ‘ಬಡಿ’ ಇದೆ ಅಂತ ಆಮೇಲೆ ಹೊಳೆಯಿತು, ಹೇಳಲಿಲ್ಲ.) ಗರಡಿಯಲ್ಲಿ ಪಳಗಿದವರು, ತಾಲೀಮಿನ ತಂಡದಲ್ಲಿ ಇದ್ದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಎದುರಿನವನ ಕಣ್ಣು ತಪ್ಪಿಸಲು ತೋರಿಸುವ ಸುಳ್ಳು ಪೆಟ್ಟಿಗೆ ನೀವು ಏನನ್ನುತ್ತೀರಿ ಅಂತಲೂ ತಿಳಿಸಿ. ಸದ್ಯಕ್ಕೆ ನಾವು ‘ಹುಸಿ ಪೆಟ್ಟು’ ಅನ್ನುತ್ತಿದ್ದೇವೆ, ಸ್ವಲ್ಪ ಪುಸ್ತಕದ ವಾಸನೆ ಹೊಡೆಯುತ್ತದೆ.

ಬೇಗ ಉತ್ತರಿಸಿದರೆ ಉಪಕಾರ. ಸೋಮನ ಈಟಿ ಮೂರು ದಿನದಿಂದ ಗಾಳಿಯಲ್ಲೇ ನಿಂತಿದೆ.